ಏಳನೇ ಹಾಡಿನ ದನಿ

ಹಳೆ ಕಾರುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮಾತು ಮುಗಿಸುವ ಮೊದಲು ಅದನ್ನು ದುಬೈಯ ರಾಸ್ ಅಲ್ ಖೋರ್‌ನ ನಮ್ಮ ವರ್ಕ್‌ಶಾಪಿಗೆ ತರುತ್ತಾರೆ. ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿದರೆ ಬಣ್ಣದ ಕೆಳಗೆ ಪುಟ್ಟಿ ತುಂಬಿದೆಯೋ ಇಲ್ಲವೋ ತಿಳಿಯುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರೆ ಬ್ರೇಕ್ ಪೆಡಲಿನ ಸವೆದ ರಬ್ಬರ್ ಗುಟ್ಟು ಬಿಟ್ಟುಕೊಡುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದನ್ನೇ ಮಾಡಿದ್ದರಿಂದ, ಯಾರು ಯಾವುದನ್ನು ಹೊಗಳಿದರೂ ಮೊದಲು ಅದರ ಅಡಿಗೆ ಬಗ್ಗಿ ನೋಡಬೇಕೆನಿಸುವ ಬುದ್ಧಿ ನನಗೆ ಅಂಟಿಕೊಂಡಿದೆ. “ಮಗಳ ಮಾರ್ಕ್ಸ್ ಕಾರ್ಡನ್ನೂ ಬೆಳಕಿಗೆ ಹಿಡಿದು ನೋಡ್ತೀರಿ ನೀವು” ಎಂದು ಹೆಂಡತಿ ಹೇಳುವುದುಂಟು.

ಊರು ಬಂಟ್ವಾಳದ ಕಡೆ, ಮನೆಮಾತು ಬ್ಯಾರಿ. ಆದರೆ ಬಾಲ್ಯದ ಆರೇಳು ವರ್ಷ ನಾನು ಬೆಳೆದದ್ದು ಹಾಸನದ ಕಡೆಯ ಒಂದು ಸಂತೆಯೂರಿನಲ್ಲಿ. ಉಪ್ಪನಿಗೆ, ಅಂದರೆ ಅಪ್ಪನಿಗೆ, ಅಲ್ಲಿ ಒಣಮೀನಿನ ಅಂಗಡಿಯಿತ್ತು. ಅಂಗಡಿಯ ಹಿಂಬದಿಯ ಮನೆಯ ಅಜ್ಜಿಯೊಬ್ಬಳು ಬೆಳಗಿನ ಜಾವ ರಾಗಿ ಬೀಸುತ್ತ ಹಾಡುತ್ತಿದ್ದಳು. ಮೀನಿನ ವಾಸನೆಗೆ ನಮ್ಮನ್ನು ಬೈದುಕೊಂಡೇ ನನಗೆ ಬಿಸಿ ರೊಟ್ಟಿ ಕೊಡುತ್ತಿದ್ದ ಹೆಂಗಸು. ಆ ಪದಗಳು ನನ್ನ ತಾಯಿಯ ಭಾಷೆಯವಲ್ಲದಿದ್ದರೂ ನಾನು ಮೊದಲು ಬಾಯಿಪಾಠ ಮಾಡಿದ ಹಾಡುಗಳು ಅವೇ. ಮುಂದೆ ಅದೇ ಸೀಮೆಯ ಜಾನಪದ ಗಾಯಕರೊಬ್ಬರ ಕ್ಯಾಸೆಟ್‌ಗಳು ಬಂದಾಗ ಒಂದೂ ಬಿಡದೆ ಕೊಂಡೆ. ಕೀಬೋರ್ಡು, ರಿದಂ ಪ್ಯಾಡು, ನಡುನಡುವೆ ಹೆಣ್ಣು ದನಿಯ ಕೇಕೆ. ಟೆಂಪೋಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಅವರೇ ಅವರು. ದುಬೈಗೆ ಬರುವಾಗ ಬಟ್ಟೆಗಳ ನಡುವೆ ಸುತ್ತಿಟ್ಟು ಆ ಕ್ಯಾಸೆಟ್‌ಗಳನ್ನು ತಂದಿದ್ದೆ.

ಎಪ್ಪತ್ತು ದಾಟಿದ ಮೇಲೆ ಆ ಗಾಯಕರು ಹೊಸದೊಂದು ಆಲ್ಬಮ್ ಹೊರತಂದರು. ಹತ್ತು ಹಾಡುಗಳು. ಅವರ ತಾಯಿ ಹಾಡುತ್ತಿದ್ದ ಬೀಸುವ ಪದ, ನಾಟಿ ಪದ, ಸೋಬಾನೆ. ವಾದ್ಯವೆಂದರೆ ಒಂದು ಏಕತಾರಿ, ಅಷ್ಟೆ. ‘ಹುಟ್ಟಿದ ಮನೆಯ ಜಗಲಿಯಲ್ಲಿ ಕೂತು, ಒಂದೇ ಮೈಕಿನ ಮುಂದೆ ಹಾಡಿದ್ದು’ ಎಂದು ಹಾಡಿನ ಜೊತೆಗಿನ ಟಿಪ್ಪಣಿಯಲ್ಲಿತ್ತು.

ಇಲ್ಲಿನ ಕನ್ನಡಿಗರೆಲ್ಲ ಮರುಳಾದರು. ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಅದೇ ಮಾತು. ಒಬ್ಬರು ಅಲ್ ಐನ್‌ನಿಂದ ಬರುವಾಗ ಕಾರು ಬದಿಗೆ ಹಾಕಿ ಅತ್ತರಂತೆ. ಇನ್ನೊಬ್ಬರು ಕಚೇರಿಯ ಶೌಚಾಲಯಕ್ಕೆ ಹೋಗಿ ಅತ್ತರಂತೆ. ಊರಿನ ಪತ್ರಿಕೆಯೊಂದರಲ್ಲಿ ವಿಮರ್ಶಕರೊಬ್ಬರು ಅರ್ಧ ಪುಟ ಬರೆದರು. ನಾನು ಅದನ್ನು ಎರಡು ಸಲ ಓದಿದೆ. ಮೂರು ವಾಕ್ಯಗಳು ಆ ಟಿಪ್ಪಣಿಯಿಂದಲೇ ಎದ್ದು ಬಂದಿದ್ದವು. ಯೂಟ್ಯೂಬಿನ ಕೆಳಗಿನ ಮೆಚ್ಚುಗೆಗಳಲ್ಲಿ ‘ಮಣ್ಣಿನ ವಾಸಣೆ’ ಎಂಬ ಮಾತು ಮತ್ತೆ ಮತ್ತೆ ಕಾಣಿಸಿತು, ಬೇರೆ ಬೇರೆ ಹೆಸರಿನಲ್ಲಿ, ಅದೇ ಒಂದು ಅಕ್ಷರದ ತಪ್ಪಿನೊಂದಿಗೆ. ನನ್ನ ಸಂಶಯ ಎದ್ದು ಕೂತಿತು.

ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿದೆ. ಎಪ್ಪತ್ತು ದಾಟಿದ ಮನುಷ್ಯ ಉದ್ದುದ್ದ ಸಾಲುಗಳನ್ನು ಹಾಡುತ್ತಾರೆ, ಎಲ್ಲಿಯೂ ಉಸಿರು ಎಳೆದುಕೊಳ್ಳುವುದೇ ಇಲ್ಲ. ಒಂದು ಸಾಲು ಮುಗಿಯುತ್ತದೆ, ಗಾಜಿನಂಥ ಮೌನ, ಇನ್ನೊಂದು ಸಾಲು. ಇದು ಮನುಷ್ಯನದಲ್ಲ, ಯಂತ್ರದಲ್ಲಿ ತಯಾರಾದ ದನಿ ಎಂದುಕೊಂಡೆ. ಆದರೆ ಏಳನೇ ಹಾಡು ಮಾತ್ರ ಹಾಗಿರಲಿಲ್ಲ. ಮದುವೆಯಾಗಿ ದೂರ ಬಂದ ಹೆಣ್ಣೊಬ್ಬಳು ಬೀಸುತ್ತ ಬೀಸುತ್ತ ಗಾಳಿಯನ್ನು ಕರೆದು, ನನ್ನ ತವರಿನ ಬಾಗಿಲು ತೆರೆದಿದೆಯೋ ಚಿಲಕ ಹಾಕಿದೆಯೋ ನೋಡಿಕೊಂಡು ಬಾ ಎಂದು ಕೇಳುವ ಪದ. ಅದರಲ್ಲಿ ಉಸಿರಿತ್ತು, ಒಂದು ಕಡೆ ಗಂಟಲು ಕಟ್ಟಿತ್ತು. ಹಿನ್ನೆಲೆಯಲ್ಲಿ ಸಣ್ಣಗೆ ಗುರ್ರೆನ್ನುವ ಸದ್ದು. ನಡುವೆ ಅದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಗುಂಪಿನಲ್ಲಿ ಉದ್ದನೆಯದೊಂದು ಲೇಖನ ಹಾಕಿದೆ. ಒಂಬತ್ತು ಹಾಡುಗಳು ಕಾರ್ಖಾನೆಯ ಮಾಲು, ಆ ಗಂಟಲಿನಲ್ಲಿ ರಕ್ತವಿಲ್ಲ ಎಂದು ಬರೆದೆ. ಏಳನೆಯದು ಮಾತ್ರ ನಿಜ ಎಂದೆ. ‘ಹಿಂದೆ ಕೇಳುವುದು ಬೀಸುವ ಕಲ್ಲಿನ ಸದ್ದು. ಅದು ನಿಲ್ಲುವಲ್ಲಿ ಹಿಡಿ ಕಾಳು ಕಲ್ಲಿನ ಬಾಯಿಗೆ ಬೀಳುತ್ತದೆ. ನಾನು ಆ ಸದ್ದಿನಲ್ಲಿ ಬೆಳೆದವನು’ ಎಂದು ಜಂಬದಿಂದ ಸೇರಿಸಿದೆ.

ಬೆಳಗಾಗುವುದರೊಳಗೆ ಬೈಗುಳದ ಮಳೆ. “ಹಾಡು ಕೇಳಲು ಹೃದಯ ಬೇಕು, ಮೆಕ್ಯಾನಿಕ್ ಕಿವಿ ಅಲ್ಲ” ಎಂದು ಒಬ್ಬರು. “ನಮ್ಮ ಮಣ್ಣಿನ ಹಾಡು ನಿಮಗೆ ಎಲ್ಲಿಂದ ಅರ್ಥ ಆಗಬೇಕು?” ಎಂದು ಇನ್ನೊಬ್ಬರು. ಆ ‘ನಮ್ಮ’ದೊಳಗೆ ನನಗೆ ಜಾಗವಿಲ್ಲ ಎಂಬುದು ಸ್ಪಷ್ಟವಾಗಿತ್ತು. ಅದನ್ನು ಬರೆದವರನ್ನು ಹಿಂದಿನ ತಿಂಗಳಷ್ಟೇ ನಾನು ಒಂದು ತುಕ್ಕು ಹಿಡಿದ ಕಾರು ಕೊಳ್ಳುವುದರಿಂದ ತಪ್ಪಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಗುಂಪಿನಿಂದ ತೆಗೆದರು.

ಮಗಳು ನನ್ನ ಮುಖ ನೋಡಿ, “ಉಪ್ಪಾ, ಇಟ್ಸ್ ಜಸ್ಟ್ ಎ ಸಾಂಗ್” ಎಂದಳು.

“ಅದನ್ನು ನಿನ್ನ ಉಪ್ಪನಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು” ಎಂದಳು ಹೆಂಡತಿ.

ವಿಚಿತ್ರವೆಂದರೆ, ಎರಡು ವಾರದ ಬಳಿಕ ಇನ್ನೊಬ್ಬ ವಿಮರ್ಶಕರು ಆಲ್ಬಮ್ಮನ್ನು ಕೊಂಡಾಡಿ ಬರೆದ ಲೇಖನದಲ್ಲಿ ‘ಹಿಡಿ ಕಾಳು ಕಲ್ಲಿನ ಬಾಯಿಗೆ ಬೀಳುವ ಮೌನ’ ಎಂಬ ಮಾತಿತ್ತು. ಆಲ್ಬಮ್ಮಿನ ಟಿಪ್ಪಣಿಗೂ ಹೊಸದಾಗಿ ಒಂದು ಸಾಲು ಸೇರಿತು: ‘ತಾಯಿಯ ಬೀಸುವ ಕಲ್ಲಿನ ನಿಜವಾದ ಸದ್ದಿನೊಂದಿಗೆ.’ ನನ್ನನ್ನು ಹೊರಗೆ ಹಾಕಿ ನನ್ನ ಮಾತನ್ನು ಒಳಗೆ ಇಟ್ಟುಕೊಂಡಿದ್ದರು.

ಅದೇ ದಿನಗಳಲ್ಲಿ ಗುರುತಿಲ್ಲದ ನಂಬರಿನಿಂದ ಒಂದು ವಾಯ್ಸ್ ನೋಟ್ ಬಂತು. ಯಾರೋ ಏಳನೇ ಹಾಡಿನ ಎರಡು ಸಾಲು ಹಾಡಿ, ಕೊನೆಗೆ ಹೇಳಿದ್ದರು: “ನೀವ್ ಬರ್ದಿದ್ದು ಯಾರೋ ಕಳ್ಸಿದ್ರು ಸಾ. ಅದ್ ನನ್ ದನಿ. ಅದ್ರಾಗೆ ಬೀಸೋ ಕಲ್ಲಿಲ್ಲ.”

ಇದೂ ಒಂದು ನಾಟಕವೇ ಎಂದುಕೊಂಡೆ. ಹೆಸರಾದ ಹಾಡಿಗೆ ಹತ್ತು ಜನ ಅಪ್ಪಂದಿರು ಹುಟ್ಟಿಕೊಳ್ಳುತ್ತಾರೆ. ಎಲ್ಲಿರುತ್ತೀರಿ ಎಂದು ಕೇಳಿದ್ದಕ್ಕೆ ಅಬುಧಾಬಿಯ ಬನಿಯಾಸ್, ಟೈಲರಿಂಗ್ ಅಂಗಡಿ ಎಂಬ ಉತ್ತರ ಬಂತು. ಮುಂದಿನ ಭಾನುವಾರ ಹೊರಟೇಬಿಟ್ಟೆ. ಕಾರು ಪರೀಕ್ಷೆಗೆ ಹೋಗುವಾಗ ಮನಸ್ಸು ಹೇಗಿರುತ್ತದೋ ಹಾಗೆಯೇ ಇತ್ತು. ಯಾವ ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತಾನೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ದಿನಸಿ ಅಂಗಡಿಗೂ ಲಾಂಡ್ರಿಗೂ ನಡುವೆ ಸಣ್ಣದೊಂದು ಅಂಗಡಿ. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ಕೊರಳಲ್ಲಿ ಟೇಪು, ಅರಬರ ಬಿಳಿ ನಿಲುವಂಗಿ ಕಂದೂರಕ್ಕೆ ಕಾಲರ್ ಕೂರಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

“ಬನ್ನಿ ಸಾ. ಟೀ ಕುಡೀತೀರಾ?”

“ಟೀ ಆಮೇಲೆ. ಆ ಹಾಡು ನಿಮ್ಮದು ಅಂತ ಹೇಳಿದ್ರಲ್ಲ, ಎಂತ ಸಾಕ್ಷಿ ಉಂಟು?”

ಅವನು ಮಿಷನ್ನಿನ ಮುಂದೆ ಕುಳಿತು ಹಾಡತೊಡಗಿದ. ಅದೇ ಉಸಿರು, ಗಂಟಲು ಕಟ್ಟುವ ಅದೇ ಜಾಗ. ಆದರೆ ಬಲವಾದ ಸಾಕ್ಷಿ ಅದಲ್ಲ. ಅವನ ತಲೆಯ ಮೇಲೆ ಗೋಡೆಗೆ ಸಿಕ್ಕಿಸಿದ್ದ ಹಳೆಯ ವಿಂಡೋ ಎಸಿ ಗುರ್ರೆನ್ನುತ್ತಿತ್ತು. ಮೂರನೇ ಚರಣದ ಹೊತ್ತಿಗೆ ಒಮ್ಮೆ ನಡುಗಿ ಅದರ ಕಂಪ್ರೆಸರ್ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನಾಲ್ಕಾರು ಲಕ್ಷ ಜನ ಕೇಳಿದರೂ ಗುರುತಿಸದಿದ್ದರೆ ಅದು ಅವರ ತಪ್ಪಲ್ಲ. ದಿನವಿಡೀ ಕಾರಿನ ಎಸಿ ಕಂಪ್ರೆಸರುಗಳಿಗೆ ಕಿವಿ ಕೊಡುವ ನಾನು, ಕಲ್ಲಿನ ಪಕ್ಕದಲ್ಲೇ ಬೆಳೆದ ನಾನು, ಎರಡನ್ನೂ ಅದಲು ಬದಲು ಮಾಡಿದ್ದೆ. ಕಲ್ಲಿನ ಸದ್ದೇ ಆಗಿರಲಿ ಎಂದು ನನಗೆ ಬೇಕಾಗಿತ್ತು. ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತೆ.

ಟೀ ಬಂತು. ಅವನು ಹೇಳಿದ. ಆ ಗಾಯಕರು ಅವನ ಸ್ವಂತ ಅಣ್ಣ, ಹತ್ತು ವರ್ಷಕ್ಕೆ ಹಿರಿಯರು. ಇಬ್ಬರೂ ಪದಗಳನ್ನು ಕಲಿತದ್ದು ಅವ್ವನಿಂದ. ಅಣ್ಣನ ಮೊದಲ ಕ್ಯಾಸೆಟ್ಟಿನಲ್ಲಿ ಅವ್ವನ ಒಂದು ಪದಕ್ಕೆ ಕುಣಿತದ ತಾಳ ಹಾಕಿ, ನಡುವೆ ಎರಡರ್ಥದ ಸಾಲುಗಳನ್ನು ಸೇರಿಸಿದ್ದರು. ಒಮ್ಮೆ ಸಂತೆಗೆ ಹೋಗುವ ಬಸ್ಸಿನಲ್ಲಿ ಅದು ಕೇಳಿದಾಗ ಅವ್ವ ಸೆರಗನ್ನು ಮುಖದ ಮೇಲೆಳೆದುಕೊಂಡು ಕಿಟಕಿಗೆ ತಿರುಗಿ ಕೂತಳಂತೆ. ಮನೆಗೆ ಬಂದು ತಮ್ಮ ಜಗಳ ತೆಗೆದ. ಆಮೇಲೆ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ತಮ್ಮ ಗಲ್ಫಿಗೆ ಬಂದ.

“ಅವ್ವ ಹೋದಾಗ ನನ್ ವೀಸಾ ಬದ್ಲಾಗ್ತಿತ್ತು ಸಾ. ಪಾಸ್‌ಪೋರ್ಟ್ ಕೈಲಿರ್ಲಿಲ್ಲ. ಹೋಗಾಕಾಗ್ಲಿಲ್ಲ. ಇಲ್ಲೇ ಕೂತ್ಕಂಡು, ಅವ್ವಂಗೆ ಇಷ್ಟ ಇದ್ದ ಪದನ ಫೋನ್‌ಗೆ ಹಾಡಿ, ಅಣ್ಣನ ಮಗಳಿಗೆ ಕಳ್ಸಿದೆ. ಮಣ್ಣಿಗೆ ಎತ್ತೋಕ್ ಮುಂಚೆ ಅವ್ವನ ಕಿವಿ ತಾವ ಇಡವ್ವಾ ಅಂದೆ. ಅಷ್ಟೇ.”

ಅದೇ ಏಳನೇ ಹಾಡು.

“ನಿಮ್ಮನ್ನು ಕೇಳದೆ ಹಾಕಿದ್ದಾ?”

“ಯಾರೂ ಕೇಳ್ಲಿಲ್ಲ.”

ಇದನ್ನು ಬರೆಯುತ್ತೇನೆ, ನನ್ನನ್ನು ಹೊರಹಾಕಿದ ಒಬ್ಬೊಬ್ಬರ ಮುಖವನ್ನೂ ನೋಡಬೇಕು ಎಂದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡ.

“ಬ್ಯಾಡಿ ಸಾ. ಸತ್ತೋರ ಮುಂದೆ ಹಾಡಿದ್ದು ಅದು, ಜನದ ಮುಂದಲ್ಲ. ನನ್ ಹೆಸ್ರು ಎಲ್ಲೂ ಬರಬಾರ್ದು. ಕಲ್ಲಿನ ಸದ್ದು ಅಂತ ನೀವ್ ಬರ್ದಿದ್ದು ಓದಿ ಮನ್ಸಿಗೆ ಕಷ್ಟ ಆಯ್ತು, ಅದುಕ್ಕೆ ಹೇಳ್ದೆ. ಯಾರ್ಗೂ ಹೇಳಾಕಿಲ್ಲ ಅಂತ ಮಾತು ಕೊಡಿ.”

ಕೊಟ್ಟೆ. ಹಿಂದಿರುಗುವಾಗ ಅವನನ್ನು ಪೂರ್ತಿ ನಂಬಿದ್ದೆನೇ ಎಂದರೆ ಇಲ್ಲ. ದನಿ ಅವನದು ಎಂಬುದು ಸರಿ. ಆದರೆ ಹೆಸರು ಬೇಡ ಎನ್ನುವವನು ಗುರುತಿಲ್ಲದ ನನಗೆ ವಾಯ್ಸ್ ನೋಟ್ ಏಕೆ ಕಳಿಸಿದ ಎಂಬ ಮುಳ್ಳು ಚುಚ್ಚುತ್ತಲೇ ಇತ್ತು.

ಚಳಿಗಾಲದಲ್ಲಿ ಸಂಘದವರು ಗಾಯಕರನ್ನು ದುಬೈಗೆ ಕರೆಸಿದರು. ಶಾಲೆಯೊಂದರ ಸಭಾಂಗಣದಲ್ಲಿ ಸಂಜೆಯ ಕಾರ್ಯಕ್ರಮ. ನಾನೂ ಪಾಸ್ ತೆಗೆದುಕೊಂಡು ಹೋದೆ. ಬಾಗಿಲಲ್ಲಿದ್ದ ಸಮಿತಿಯವರು ನನ್ನನ್ನು ಕಂಡು ಮುಖ ತಿರುಗಿಸಿದರೂ, ಹತ್ತು ನಿಮಿಷಕ್ಕೆ ಅವರಲ್ಲೊಬ್ಬರು ಹುಡುಕಿಕೊಂಡು ಬಂದರು. “ಗಾಯಕರು ನಿಮ್ಮನ್ನು ಕರೀತಿದ್ದಾರೆ. ಗಲಾಟೆ ಎಂತ ಮಾಡಬೇಡಿ ಮಾರಾಯ್ರೆ.”

ವೇದಿಕೆಯ ಹಿಂದಿನ ಕೋಣೆಯಲ್ಲಿ ಅವರು ಒಬ್ಬರೇ ಕುಳಿತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಇನ್ಹೇಲರ್. ಉಸಿರೆಳೆದರೆ ಎದೆಯೊಳಗಿನ ಸೀಟಿಯ ಸದ್ದು ಬಾಗಿಲ ತನಕ ಕೇಳುತ್ತಿತ್ತು.

“ಸಾಹೇಬ್ರೆ, ನನ್ನ ಗಂಟಲಲ್ಲಿ ರಕ್ತ ಇಲ್ಲ ಅಂದ್ರಂತೆ” ಎಂದು ನಕ್ಕರು. “ಉಸಿರು ಇರೋದೇ ಹಿಂಗೆ. ರೆಕಾರ್ಡ್ ಮಾಡೋ ಹುಡುಗ ಎಲ್ಲಾ ಉಸಿರನ್ನೂ ಕತ್ತರಿಸಿ ತೆಗೆದ. ಬಿಟ್ಟಿದ್ರೆ ಜನ ಹಾಡು ಕೇಳ್ತಿರ್ಲಿಲ್ಲ, ಡಾಕ್ಟ್ರಿಗೆ ಫೋನ್ ಮಾಡ್ತಿದ್ರು.”

ನಾನು ಯಂತ್ರವೆಂದು ಬರೆದ ಒಂಬತ್ತು ಹಾಡುಗಳೂ ಅವರವೇ. ಉಬ್ಬಸದ ಮುದುಕನೊಬ್ಬ ಸಾಲು ಸಾಲಾಗಿ, ನಿಂತು ನಿಂತು ಹಾಡಿ ಮುಗಿಸಿದ್ದ. ಕ್ಷಮೆ ಕೇಳಬೇಕಿತ್ತು. ಕೇಳುವ ಬದಲು ನನ್ನ ಬಾಯಿ ತನ್ನ ಹಳೆಯ ಚಾಳಿಗೆ ಬಿತ್ತು.

“ಏಳನೇ ಹಾಡು ಎಲ್ಲಿ ರೆಕಾರ್ಡ್ ಮಾಡಿದ್ದು?”

“ಮನೆ ಜಗಲೀಲಿ.”

“ಅದೂನಾ?”

ಅವರು ಇನ್ಹೇಲರನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: “ಬನಿಯಾಸ್ ಅನ್ನೋದು ಇಲ್ಲಿಂದ ಎಷ್ಟು ದೂರ ಸಾಹೇಬ್ರೆ?”

ಒಂದೂಕಾಲು ಗಂಟೆ ಎಂದು ನಾನು ಹೇಳಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೂ ಅವರ ತಮ್ಮನನ್ನು ನಾನು ಕಂಡಿದ್ದೇನೆಂಬುದು ಹೊರಬಿದ್ದಿತ್ತು.

ಕಾರ್ಯಕ್ರಮದಲ್ಲಿ ಅವರು ಹಳೆಯ ಹಾಡುಗಳನ್ನು ಚಿಕ್ಕದಾಗಿ ಹಾಡಿದರು. ಜನ “ತವರಿನ ಬಾಗಿಲು! ತವರಿನ ಬಾಗಿಲು!” ಎಂದು ಕೂಗತೊಡಗಿದರು. ಅವರು ಮೈಕನ್ನು ಹತ್ತಿರ ಎಳೆದುಕೊಂಡರು. ಬಳಿಕ, “ಅದು ನನ್ನ ಹಾಡಲ್ಲ. ನನ್ನ ತಮ್ಮನ ದನಿ. ಇಲ್ಲೇ ಅಬುಧಾಬೀಲಿ ಬಟ್ಟೆ ಹೊಲೀತಾನೆ. ಹೆಸರು ಹಾಕಬೇಡ ಅಂದಿದ್ದ, ಹಾಕಲಿಲ್ಲ. ಇವತ್ತು ಹೇಳಬೇಕು ಅನ್ನಿಸ್ತು” ಎಂದು ತಮ್ಮನ ಹೆಸರನ್ನೂ ಅಂಗಡಿಯಿರುವ ಜಾಗವನ್ನೂ ಹೇಳಿಬಿಟ್ಟರು.

ಸಭೆ ಎದ್ದು ನಿಂತಿತು. ನನ್ನ ಪಕ್ಕದ ಹೆಂಗಸು ಬಿಕ್ಕುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದು ಯಾರೋ ಅಂದರು. ನಾನು ನೋಡಿದ್ದು ಮುಂದಿನ ಸಾಲಿನಲ್ಲಿದ್ದ ಆಲ್ಬಮ್ ಕಂಪನಿಯವನನ್ನು. ಗಾಯಕರು ಮಾತು ಶುರು ಮಾಡುವ ಮೊದಲೇ ಅವನು ಎದ್ದು ನಿಂತು ವಿಡಿಯೊಗೆ ಫೋನ್ ಹಿಡಿದಿದ್ದ. ಹೆಸರು ಹಾಕಬೇಡ ಅಂದಿದ್ದ ಎಂಬ ಅಣ್ಣನ ಮಾತು, ಯಾರೂ ಕೇಳಲಿಲ್ಲ ಎಂಬ ತಮ್ಮನ ಮಾತು. ಎರಡರಲ್ಲಿ ಒಂದು ಸುಳ್ಳು. ಮರುದಿನ ಆ ತುಣುಕು ಎಲ್ಲೆಡೆ ಹರಿದಾಡಿತು. ವಿಮರ್ಶಕರು ಈಗ ಹಾಡಿಗಿಂತ ಹೆಚ್ಚಾಗಿ ಅವರ ವಿನಯವನ್ನು ಹೊಗಳಿದರು. ಬೀಸುವ ಕಲ್ಲಿನ ಸಾಲು ಟಿಪ್ಪಣಿಯಲ್ಲಿ ಹಾಗೆಯೇ ಉಳಿಯಿತು, ಇಂದಿಗೂ ಇದೆ.

ಮರುದಿನ ಹನ್ನೊಂದು ಗಂಟೆಗೆ ನಾನು ಒಂದು ಜೀಪಿನ ಕೆಳಗೆ ಮಲಗಿದ್ದಾಗ ಫೋನ್ ಬಂತು. ಟೈಲರ್. ಪಿಸುಮಾತಿನಲ್ಲಿ ಕೇಳಿದ: “ನೀವೇ ಹೇಳಿದ್ರಾ ಸಾ?”

“ಅಲ್ಲಾಹನಾಣೆ ಹೇಳಲಿಲ್ಲ. ಎಂತ ಆಯ್ತು?”

“ಶಟ್ರು ಎಳ್ಕೊಂಡು ಒಳಗೆ ಕೂತೀವ್ನಿ. ಹೊರ್ಗೆ ಅಣ್ಣ ಬಂದವ್ನೆ. ಜೊತೇಗೆ ಹತ್ತು ಹನ್ನೆರಡು ಜನ. ಫೋಟ ತೆಗೀತಾವ್ರೆ. ಅಣ್ಣ ಮೆಟ್ಲ ಮೇಲೆ ಕೂತವ್ನೆ, ಉಸ್ರು ಎಳ್ಯೋದು ಇಲ್ಗಂಟ ಕೇಳ್ತದೆ.”

ನಾನು ತಕ್ಷಣ ಸಮಿತಿಯವರಿಗೆ ಫೋನ್ ಮಾಡಿ, ಜನರನ್ನು ಅಲ್ಲಿಂದ ಕಳಿಸಿ ಎಂದೆ. ಅವರು ಕೇಳಲಿಲ್ಲ. ಕೊನೆಗೆ, “ಅಂಗಡಿಯ ಎದುರು ಗುಂಪು ಸೇರಿಸಿ ವಿಡಿಯೊ ಮಾಡಿದ್ದಕ್ಕೆ ಯಾರಾದರೂ ಪೊಲೀಸಿಗೆ ಫೋನ್ ಮಾಡಿದ್ರೆ ಎಂತ ಮಾಡ್ತೀರಿ?” ಎಂದೆ. ಕಾಲು ಗಂಟೆಯಲ್ಲಿ ಎಲ್ಲರೂ ಜಾಗ ಖಾಲಿ ಮಾಡಿ, ಗಾಯಕರನ್ನು ಮಾತ್ರ ಬಿಟ್ಟು, ಪಕ್ಕದ ಬೀದಿಯ ಹೋಟೆಲಿನಲ್ಲಿ ಕಾದರಂತೆ. ಶಟರ್ ಸೊಂಟದ ಮಟ್ಟಕ್ಕೆ ಏರಿತು, ಗಾಯಕರು ಬಗ್ಗಿ ಒಳಗೆ ಹೋದರು, ಎರಡು ಗಂಟೆ ಒಳಗೇ ಇದ್ದರು ಎಂದು ಪಕ್ಕದ ಲಾಂಡ್ರಿಯವನು ಆಮೇಲೆ ನನಗೆ ಹೇಳಿದ. ಹಾಡಿನ ಸದ್ದು ಬಂತೇ ಎಂದು ಕೇಳಿದೆ. ಇಲ್ಲ, ಒಮ್ಮೆ ಜೋರು ಜಗಳದ ಸದ್ದು ಬಂತು ಎಂದ.

ಒಳಗೆ ಏನಾಯಿತೆಂದು ಇಬ್ಬರೂ ನನಗೆ ಹೇಳಿಲ್ಲ. ನಾನು ಬನಿಯಾಸ್‌ಗೆ ಎರಡು ಸಲ ಹೋದೆ. ಮೊದಲ ಸಲ ಅವನು ಬೇರೆಯವರ ಅಳತೆ ತೆಗೆಯುತ್ತ ನನ್ನ ಕಡೆ ತಿರುಗಲೇ ಇಲ್ಲ. ಎರಡನೇ ಸಲ ಟೀ ತರಿಸಿದ, ಆದರೆ ಮಾತಿಗೆ ಸಿಕ್ಕಲಿಲ್ಲ. ಯಾರೋ ಅಭಿಮಾನಿಗಳು ಬಂದು ಅವನ ಜೊತೆ ಸೆಲ್ಫಿ ತೆಗೆದುಕೊಂಡರು, ಅವನು ಕಲ್ಲಿನಂತೆ ನಿಂತಿದ್ದ. ಹೊರಡುವಾಗ ನಾನು ಅಂದೆ: “ನಾನು ಹೇಳಲಿಲ್ಲ. ಎಲ್ಲಿ ರೆಕಾರ್ಡ್ ಮಾಡಿದ್ದು ಅಂತ ಮಾತ್ರ ಕೇಳಿದ್ದು.”

“ಅಷ್ಟು ಸಾಕಲ್ವಾ ಸಾ?” ಎಂದು ದಾರವನ್ನು ಹಲ್ಲಿನಿಂದ ಕತ್ತರಿಸಿದ.

ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಹೆಂಡತಿ, “ನಿಮ್ಮನ್ನು ಒಬ್ಬರು ನಂಬದಿದ್ದರೆ ಹೇಗಾಗ್ತದೆ ಅಂತ ಈಗ ಗೊತ್ತಾಯ್ತಲ್ಲ” ಎಂದಳು. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಬೇಸಿಗೆ ಶುರುವಾಗುವ ಹೊತ್ತಿಗೆ ಟೈಲರ್ ಅಂಗಡಿಯನ್ನು ಪರಿಚಯದವರಿಗೆ ಒಪ್ಪಿಸಿ ಅವ್ವನ ವರ್ಷದ ತಿಥಿಗೆ ಊರಿಗೆ ಹೋದ. ಹೋಗುವುದನ್ನು ನನಗೆ ತಿಳಿಸಿರಲಿಲ್ಲ. ಒಂದು ಸಂಜೆ ಊರಿನ ನಂಬರಿನಿಂದ ಅವನ ಕರೆ ಬಂತು. ತಿಥಿ ಮುಗಿಯಿತು, ಜನ ತುಂಬ ಸೇರಿದ್ದರು, ಅಣ್ಣನಿಗೆ ಈಗ ಜಗಲಿ ಹತ್ತುವುದಕ್ಕೂ ಕೈ ಹಿಡಿಯಬೇಕು, ತಾನೇ ಹಿಡಿಯುತ್ತಿದ್ದೇನೆ ಎಂದು ಹೇಳಿದ. ತಿಥಿಯ ದಿನ ಯಾರೂ ಹಾಡಲಿಲ್ಲವಂತೆ. ಕ್ಯಾಮೆರಾದವರು ಬಂದಿದ್ದರು, ಅವರನ್ನು ಅಣ್ಣನೇ ಗದರಿಸಿ ಕಳಿಸಿದನಂತೆ.

“ಅಣ್ಣನ ಹತ್ತಿರ ಹೆಸರಿನ ವಿಷಯ ಕೇಳಿದ್ರಾ?” ಎಂದೆ. ತಡೆಯಲು ಆಗಲಿಲ್ಲ.

“ಅಣ್ಣನ ಮಗಳು ಫೋನ್ ಮಾಡಿ ಪದ ಹಾಕ್ಲಾ ಅಂತ ಕೇಳಿದ್ಲಂತೆ, ನಾನು ಹೆಸ್ರು ಬ್ಯಾಡ, ಏನಾದ್ರೂ ಮಾಡ್ಕಳಿ ಅಂದ್ನಂತೆ. ಆ ದುಕ್ಕದಾಗೆ ಅಂದಿದ್ರೂ ಅಂದಿರ್‌ಬೋದು ಸಾ, ನಂಗೆ ನೆಪ್ಪಿಲ್ಲ.” ಸ್ವಲ್ಪ ತಡೆದು ಕೇಳಿದ, “ನಿಜವಾಗ್ಲೂ ನೀವ್ ಹೇಳ್ಲಿಲ್ವಾ?”

“ಇಲ್ಲ.”

“ಇರ್ಲಿ ಬಿಡಿ” ಎಂದ.

ನಂಬಿ ಹಾಗಂದನೋ, ನಂಬದೆಯೇ ಬಿಟ್ಟುಕೊಟ್ಟನೋ ಎಂದು ನಾನು ಕೇಳಲಿಲ್ಲ. ಆಮೇಲೆ ದುಬೈಯಲ್ಲಿ ಸೆಕೆ ಹೇಗಿದೆ ಎಂದು ವಿಚಾರಿಸಿದ. ಬಹಳ ಇದೆ ಎಂದೆ.